ಶೂ ಅಂಗಡಿಯವನ ರಾಕೆಟ್: ಮಾಡೆಲ್ ರಾಕೆಟ್ ಕಿಟ್ ಹುಟ್ಟಿದ ಕಥೆ

ದೊಡ್ಡ ರಾಕೆಟ್‌ಗಳ ಬಗ್ಗೆ ನಾವೆಲ್ಲ ಬೇಕಾದಷ್ಟು ಮಾತಾಡ್ತೀವಿ. ಇವತ್ತು ಒಂದೂವರೆ ಕೆಜಿ ಮೀರದ, ರಟ್ಟಿನ ಕೊಳವೆಯ ಒಂದು ರಾಕೆಟ್ಟಿನ ಚರಿತ್ರೆ ನೋಡೋಣ. ಅಮೆರಿಕದಲ್ಲಿ ಇದಕ್ಕೆ ಮಿಡ್-ಪವರ್ ಮಾಡೆಲ್ ರಾಕೆಟ್ ಅಂತಾರೆ. ಕಿಟ್ ತಂದು ಮನೆಯಲ್ಲಿ ಅಂಟಿಸಿ ಜೋಡಿಸ್ತಾರೆ, ರಜೆ ದಿನ ಬಯಲಿಗೆ ಹೋಗಿ ಹಾರಿಸ್ತಾರೆ, ಹತ್ತೂ ಬೆರಳು ನೆಟ್ಟಗಿಟ್ಟುಕೊಂಡು ಮನೆಗೆ ವಾಪಸ್ ಬರ್ತಾರೆ. ಕೊನೆಯ ಮಾತು ತಮಾಷೆಗೆ ಹೇಳಿದ್ದಲ್ಲ. 1957ಕ್ಕಿಂತ ಮುಂಚೆ ರಾಕೆಟ್ ಹುಚ್ಚು ಹತ್ತಿದ ಹುಡುಗರ ವಿಷಯದಲ್ಲಿ ಆ ಖಾತ್ರಿ ಇರಲಿಲ್ಲ.

ಯಾಕೆ ಇರಲಿಲ್ಲ ಅಂತ ತಿಳಿಯೋಕೆ ನಮ್ಮ ಮೈಸೂರಿನ ಕಡೆ ಒಂದು ಸಲ ನೋಡಬೇಕು. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಕಾಗದದ ಕೊಳವೆ ಹೆಚ್ಚು ಒತ್ತಡ ತಡೆಯಲ್ಲ. ಕಬ್ಬಿಣ ತಡೆಯುತ್ತೆ. ಹಾಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದು, ರಾಕೆಟ್ ಹೆಚ್ಚು ದೂರ ಹೋಗುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿನ ವೂಲ್ವಿಚ್ ಶಸ್ತ್ರಾಗಾರಕ್ಕೆ ಹೋದವು, ವಿಲಿಯಂ ಕಾಂಗ್ರೀವ್ ಇವುಗಳ ಬೆನ್ನಲ್ಲೇ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಯುದ್ಧಕ್ಕೆ ಲೋಹದ ಕೊಳವೆ ವರ. ಅದೇ ಕೊಳವೆ ಹಿತ್ತಲಲ್ಲಿ ಸಿಡಿದರೆ ಚೂರುಚೂರಾಗಿ ಸುತ್ತ ನಿಂತವರ ಮೈಗೆ ನುಗ್ಗುತ್ತೆ.

1950ರ ದಶಕದ ಅಮೆರಿಕದಲ್ಲಿ ಆಗ್ತಿದ್ದದ್ದು ಅದೇ. ಹೈಸ್ಕೂಲ್ ಹುಡುಗರು ನೀರಿನ ಪೈಪಿಗೆ ಬೆಂಕಿಕಡ್ಡಿಯ ಮದ್ದು, ಸತು-ಗಂಧಕದ ಪುಡಿ ತುಂಬಿ ರಾಕೆಟ್ ಮಾಡೋಕೆ ಹೋಗಿ ಗಾಯ ಮಾಡಿಕೊಳ್ತಿದ್ರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಈ ಹುಚ್ಚು ಇನ್ನೂ ಏರಿತು.

ಈ ಸಮಸ್ಯೆಗೆ ಉತ್ತರ ಅದಕ್ಕೂ ಮೊದಲೇ, 1954ರಲ್ಲಿ, ನೆಬ್ರಾಸ್ಕದ ನಾರ್ಫೋಕ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿತ್ತು. ಆರ್ವಿಲ್ ಕಾರ್ಲೈಲ್ ಅಂತ ಒಬ್ಬರು, ಶೂ ಅಂಗಡಿಯವರು. ಪಟಾಕಿ, ಬಾಣಬಿರುಸು ಅವರ ಹವ್ಯಾಸ. ಸಹೋದರ ರಾಬರ್ಟ್‌ಗೆ ಮಾಡೆಲ್ ವಿಮಾನದ ಹವ್ಯಾಸ. ರಾಕೆಟ್ ಬಗ್ಗೆ ಉಪನ್ಯಾಸ ಕೊಡುವಾಗ ತೋರಿಸೋಕೆ ಒಂದು ಮಾದರಿ ಬೇಕು ಅಂತ ರಾಬರ್ಟ್ ಕೇಳಿದಾಗ ಆರ್ವಿಲ್ ಮಾಡಿಕೊಟ್ಟದ್ದೇ ರಾಕ್-ಎ-ಚೂಟ್. ಕಾಗದದ ಮೈ, ಬಳಸಿ ಬಿಸಾಡಬಹುದಾದ ಕಾಗದದ ಮೋಟರ್, ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳೋ ಪ್ಯಾರಾಚೂಟ್.

1957ರ ಫೆಬ್ರವರಿಯಲ್ಲಿ, ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದ ಜಿ. ಹ್ಯಾರಿ ಸ್ಟೈನ್ ಅವರ ರಾಕೆಟ್ ಸುರಕ್ಷತೆಯ ಲೇಖನ ಮೆಕಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಕಾರ್ಲೈಲ್ ಅವರಿಗೆ ಕಾಗದ ಬರೆದರು, ತಮ್ಮ ಮಾದರಿಗಳನ್ನೂ ಕಳಿಸಿದರು. ಸ್ಟೈನ್ ಹಾರಿಸಿ ನೋಡಿದರು. ಹುಡುಗರ ಬೆರಳು ಉಳಿಸೋ ದಾರಿ ಇದೇ ಅಂತ ಅವರಿಗೆ ಖಚಿತವಾಯ್ತು. ಅದೇ ವರ್ಷ ಮಾಡೆಲ್ ಮಿಸೈಲ್ಸ್ ಅನ್ನೋ ಕಂಪನಿಯನ್ನೂ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯನ್ನೂ ಶುರು ಮಾಡಿದರು.

ಇಲ್ಲಿ ನಿಜವಾದ ಆವಿಷ್ಕಾರ ಯಾವುದು ಗಮನಿಸಿ. ರಾಕೆಟ್ ಸಾವಿರ ವರ್ಷ ಹಳೆಯದು. ಹೊಸದಾಗಿ ಬಂದದ್ದು ಕೆಲಸದ ಹಂಚಿಕೆ. ಮೋಟರ್ ಕಾರ್ಖಾನೆಯ ಕೆಲಸ, ಉಳಿದದ್ದೆಲ್ಲ ನಿಮ್ಮ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೋಟರ್ ಒಂದು ಲೈಬ್ರರಿ. ಅದರ ಇಂಟರ್ಫೇಸ್ ತಿಳಿದಿದ್ದರೆ ಸಾಕು, ಒಳಗೆ ಕೈ ಹಾಕಬಾರದು. ಮೈ, ಮೂಗು, ರೆಕ್ಕೆ ಎಲ್ಲ ಹಗುರ ಇರಬೇಕು, ಲೋಹ ಕೂಡದು. ಮೈಸೂರಿನ ರಾಕೆಟ್ಟಿಗೆ ಶಕ್ತಿ ಕೊಟ್ಟ ಲೋಹವನ್ನೇ ಇಲ್ಲಿ ಹೊರಗಿಟ್ಟರು.

ಆದರೆ ಮೋಟರ್ ಸಾವಿರಗಟ್ಟಲೆ ಬೇಕು, ಒಂದು ಇನ್ನೊಂದರ ಹಾಗೇ ಇರಬೇಕು. ಸ್ಟೈನ್ ಡೆನ್ವರ್‌ನ ಪಟಾಕಿ ತಯಾರಕರ ಕುಟುಂಬದ ವರ್ನ್ ಎಸ್ಟೆಸ್ ಅವರನ್ನು ಹಿಡಿದರು. ಎಸ್ಟೆಸ್ ಗಾಳಿಯ ಒತ್ತಡದಿಂದ ನಡೆಯೋ ಒಂದು ಯಂತ್ರ ಕಟ್ಟಿದರು, ಅದಕ್ಕೆ ಮೇಬಲ್ ಅಂತ ಹೆಸರಿಟ್ಟರು. 1959ರಲ್ಲಿ ಅದು ಕೆಲಸ ಶುರು ಮಾಡಿತು. ಸುಮಾರು ಐದೂವರೆ ಸೆಕೆಂಡಿಗೆ ಒಂದು ಮೋಟರ್! ಸ್ಟೈನ್ ಕಂಪನಿಗೆ ಬೇಕಾದದ್ದಕ್ಕಿಂತ ಹೆಚ್ಚು ಮೋಟರ್ ಬಂದಾಗ ಎಸ್ಟೆಸ್ ತಾವೇ ಅಂಚೆ ಮೂಲಕ ಮಾರೋಕೆ ಶುರು ಮಾಡಿದರು.

ಮೋಟರ್ ಶಕ್ತಿಗೆ ಅಕ್ಷರದ ಲೆಕ್ಕ ಇದೆ. ಎ ಅಂದ್ರೆ 2.5 ನ್ಯೂಟನ್-ಸೆಕೆಂಡ್ ತನಕ. ಪ್ರತಿ ಅಕ್ಷರಕ್ಕೂ ಮಿತಿ ದುಪ್ಪಟ್ಟು. ಬಿ 5, ಸಿ 10, ಡಿ 20, ಇ 40, ಎಫ್ 80, ಜಿ 160. ಇ, ಎಫ್, ಜಿ ಇವೇ ಮಿಡ್-ಪವರ್. ಹೆಚ್‌ಗೆ ಹೋದರೆ ಹೈ-ಪವರ್, ಅದಕ್ಕೆ ಬೇರೆ ಪರೀಕ್ಷೆ, ಪ್ರಮಾಣಪತ್ರ ಬೇಕು.

ಇಷ್ಟು ಮೇಲೆ ಹೋಗೋಕೆ ಕರಿಮದ್ದು ಸಾಲದು. ದೊಡ್ಡ ಮೋಟರಲ್ಲಿ ಒತ್ತಿ ತುಂಬಿದ ಮದ್ದು ಚಳಿ-ಬಿಸಿಗೆ ಬಿರುಕು ಬಿಡುತ್ತೆ. ಬಿರುಕಿಗೆ ಬೆಂಕಿ ಹೊಕ್ಕರೆ ಮೋಟರೇ ಸಿಡಿಯುತ್ತೆ. 1980ರ ದಶಕದಲ್ಲಿ ಏರೋಟೆಕ್ ಥರದ ಕಂಪನಿಗಳು ಕಾಂಪೋಸಿಟ್ ಇಂಧನವನ್ನು ಹವ್ಯಾಸಿಗಳಿಗೆ ತಲುಪಿಸಿದವು. ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಲ್ಲಿ ಕಲಸಿ ಎರಕ ಹೊಯ್ದದ್ದು ಅದು. ಕರಿಮದ್ದಿನ ಅದೇ ತೂಕಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಯೋದೂ ಇದೇ ಜಾತಿಯ ಇಂಧನ. ಆಮೇಲೆ ಇಂಧನ ಬದಲಿಸಿ ಮತ್ತೆ ಬಳಸೋ ಅಲ್ಯೂಮಿನಿಯಂ ಕವಚವೂ ಬಂತು. ಹೊರಗೆ ಹಾಕಿದ್ದ ಲೋಹ ಕಾರ್ಖಾನೆಯ ಅಳತೆಗೆ ಒಳಪಟ್ಟು ವಾಪಸ್ ಬಂದ ಹಾಗಾಯ್ತು.

ಪ್ರಾಜೆಕ್ಟ್ ಕೆಲಸಕ್ಕೆ ಅಲ್ಲಿ ಹೋಗಿದ್ದಾಗ ಒಂದು ಕ್ಲಬ್ಬಿನವರ ಜೊತೆ ಇಂಥ ಕಿಟ್ ಕಟ್ಟಿ ಹಾರಿಸಿದ್ದೇನೆ. ಕೆಲಸ ಹೆಚ್ಚು ಕಡಿಮೆ ಬಡಗಿತನ. ಪ್ಲೈವುಡ್ ರೆಕ್ಕೆಗಳನ್ನು ಕೊಳವೆಯ ಸೀಳಿನೊಳಗೆ ತೂರಿಸಿ, ಒಳಗಿರೋ ಮೋಟರ್ ಕೊಳವೆಗೆ ಎಪಾಕ್ಸಿಯಲ್ಲಿ ಅಂಟಿಸಬೇಕು. ಬರೀ ಹೊರಮೈಗೆ ಅಂಟಿಸಿದರೆ ಎಫ್ ಮೋಟರಿನ ವೇಗಕ್ಕೆ ರೆಕ್ಕೆ ಕಿತ್ತು ಹೋಗಬಹುದು. ತೂಕದ ಕೇಂದ್ರ, ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆಯ ದಪ್ಪದಷ್ಟು ಮುಂದಿರಬೇಕು. ಇಲ್ಲದಿದ್ದರೆ ರಾಕೆಟ್ ಗಿರಗಿರ ತಿರುಗುತ್ತೆ. ಆ ಲೆಕ್ಕದ ಸರಳ ಸೂತ್ರಗಳನ್ನು 1966ರಲ್ಲಿ ಕೊಟ್ಟವರು ನಾಸಾದ ಜೇಮ್ಸ್ ಬಾರೋಮನ್.

ಮೋಟರ್ ಮೇಲೆ ಎಫ್50-6 ಅಂತ ಬರೆದಿದ್ದರೆ, ಸರಾಸರಿ ತಳ್ಳುಬಲ 50 ನ್ಯೂಟನ್, ಉರಿದು ಮುಗಿದ ಆರು ಸೆಕೆಂಡ್ ಮೇಲೆ ಪ್ಯಾರಾಚೂಟ್ ಹೊರಬರುತ್ತೆ ಅಂತ ಅರ್ಥ. ಉರಿಯೋದು ಬರೀ ಒಂದೂವರೆ ಸೆಕೆಂಡ್. ಹಾರಿಸುವಾಗ ಡಿ ತನಕದ ಮೋಟರಿಗೆ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ ದೂರ ನಿಲ್ಲಬೇಕು. ಬತ್ತಿ ಹಚ್ಚೋ ಹಾಗಿಲ್ಲ, ವೈರಿನ ಸ್ವಿಚ್ ಮಾತ್ರ. ಪಕ್ಕದವರ ಎಂಟು-ಹತ್ತು ವರ್ಷದ ಮಕ್ಕಳೂ ಈ ನಿಯಮವನ್ನು ಮಗ್ಗಿ ಥರ ಒಪ್ಪಿಸೋದು ನೋಡಿ ನನಗೆ ಖುಷಿಯಾಯ್ತು.

ಈ ಶಿಸ್ತು ಒಮ್ಮೆ ನ್ಯಾಯಾಲಯದಲ್ಲೂ ಪರೀಕ್ಷೆಗೆ ನಿಂತಿತು. ಅಮೆರಿಕದ ಸ್ಫೋಟಕ ನಿಯಂತ್ರಣ ಸಂಸ್ಥೆ ಕಾಂಪೋಸಿಟ್ ಇಂಧನವನ್ನು ಸ್ಫೋಟಕಗಳ ಪಟ್ಟಿಯಲ್ಲಿ ಇಟ್ಟಿತ್ತು. 62.5 ಗ್ರಾಂ ದಾಟಿದರೆ ಪರ್ಮಿಟ್ ಬೇಕು ಅಂತು. 2000ದಲ್ಲಿ ಹವ್ಯಾಸಿಗಳ ಎರಡು ಸಂಘಗಳು ಕೋರ್ಟಿಗೆ ಹೋದವು. ಇದು ಸಿಡಿಯೋ ವಸ್ತುವೋ, ಉರಿಯೋ ವಸ್ತುವೋ ಅನ್ನೋದೇ ಪ್ರಶ್ನೆ. 2006ರಲ್ಲಿ ಮೇಲ್ಮನವಿ ನ್ಯಾಯಾಲಯ, ಉರಿಯೋ ವೇಗದ ಬಗ್ಗೆ ಸಂಸ್ಥೆ ಸರಿಯಾದ ವಿವರಣೆ ಕೊಟ್ಟಿಲ್ಲ ಅಂತು. 2009ರಲ್ಲಿ ಇಂಧನ ಪಟ್ಟಿಯಿಂದ ಹೊರಬಂತು. ಶೂ ಅಂಗಡಿಯವರ ವಿನ್ಯಾಸ ಐವತ್ತು ವರ್ಷ ಕೂಡಿಸಿಟ್ಟ ನಂಬಿಕೆ ಇಲ್ಲದಿದ್ದರೆ ಈ ವಾದ ನಿಲ್ಲೋದು ಕಷ್ಟವಿತ್ತು ಅಂತ ನನ್ನ ಅನಿಸಿಕೆ.

ಈಗ ನಮ್ಮ ವಿಷಯಕ್ಕೆ ಬರೋಣ. ಪುಣೆ, ಹೈದರಾಬಾದ್, ಚೆನ್ನೈ ಅಪಾರ್ಟ್‌ಮೆಂಟ್‌ಗಳಲ್ಲಿರೋ ನಮ್ಮ ಮಕ್ಕಳು ಸಕ್ಕರೆ-ಪೊಟ್ಯಾಸಿಯಂ ನೈಟ್ರೇಟ್ ರಾಕೆಟ್ಟಿನ ವಿಡಿಯೋ ನೋಡಿ "ಪಪ್ಪಾ, ನಾವೂ ಮಾಡೋಣ" ಅಂತಾರೆ. ದಯವಿಟ್ಟು ಬೇಡ. ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸೋದು 1884ರ ಸ್ಫೋಟಕ ಕಾಯ್ದೆಯ ಕೈಗೆ ಸಿಗುವ ಕೆಲಸ. ಅದಕ್ಕಿಂತ ಮುಖ್ಯ, 1957ರಲ್ಲೇ ಕಲಿತ ಪಾಠವನ್ನು ಮಗುವಿನ ಕೈ ಕೊಟ್ಟು ಮತ್ತೆ ಕಲಿಯಬೇಕಿಲ್ಲ. ಓಪನ್‌ರಾಕೆಟ್ ಅನ್ನೋ ಉಚಿತ ತಂತ್ರಾಂಶ ಇದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿಯೊಬ್ಬರ ಮಾಸ್ಟರ್ಸ್ ಪ್ರಬಂಧದಿಂದ ಬಂದದ್ದು, ಕೋಡ್ ಕೂಡ ತೆರೆದಿದೆ. ಅದರಲ್ಲಿ ರೆಕ್ಕೆ ಬದಲಿಸಿ, ಮೋಟರ್ ಬದಲಿಸಿ ಹಾರಿಸಿ ನೋಡಿ. ಆಮೇಲೆ ಒಂದು ಸೋಡಾ ಬಾಟಲಿ, ಅರ್ಧ ಲೀಟರ್ ನೀರು, ಸೈಕಲ್ ಪಂಪ್ ಹಿಡಿದು ಬಯಲಿಗೆ ಹೋಗಿ. ದೂರ ನಿಂತು, ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ ಹಾರಿಸಿ. ನ್ಯೂಟನ್ನನ ಮೂರನೇ ನಿಯಮ ನೀರಿನಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ.

ಹಾರಿಸಿದರೆ ಎಷ್ಟು ಎತ್ತರ ಹೋಯ್ತು ಅಂತ ಕಾಮೆಂಟಿನಲ್ಲಿ ಬರೀರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.