ಹೊನ್ನಕ್ಕಿಯ ಔತಣ
ಹಿತ್ತಲಿಗೆ ಹೊನ್ನಕ್ಕಿಯನ್ನು ಬರಮಾಡಿಕೊಳ್ಳುವ ಬಗೆಯನ್ನು ನಾವು ಇತಿಹಾಸದಿಂದಲೂ ಕಲಿಯಬಹುದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನು ದನಕ್ಕೂ ಜನಕ್ಕೂ ನೆರಳಾಗಲೆಂದು ದಾರಿಗಳಲ್ಲಿ ಆಲಗಳನ್ನು ನೆಡಿಸಿದನು. ಮಾವಿನ ತೋಪುಗಳನ್ನೂ ಬೆಳೆಯಿಸಿದನು. ಇದನ್ನು ಅವನ 7ನೆಯ ಸ್ತಂಭಶಾಸನವೇ ಹೇಳುತ್ತದೆ. ಅಲ್ಲಿ ಹಕ್ಕಿಗಳ ಮಾತಿಲ್ಲ. ಆದರೂ ಆಲವು ನೆರಳಿನೊಡನೆ ಹಣ್ಣನ್ನೂ ಕೊಡುವುದು. ಹಣ್ಣಿಗೆ ಹೊನ್ನಕ್ಕಿ, ಕೋಗಿಲೆ, ಪಿಕಳಾರಗಳು ಕೂಡುವುವು. ಅವುಗಳ ಹಿಕ್ಕೆಯಿಂದ ಬೀಜವು ಬೇರೆಡೆ ಮೊಳೆಯುವುದು. ಮರವನ್ನು ನೆಟ್ಟವನು ಅರಸ. ಅದರ ಸಂತತಿಯನ್ನು ಹರಡುವವು ಹಕ್ಕಿಗಳು.

ನವಿಲಿನ ಹೆಸರನ್ನು ಹೊತ್ತ ನವಲಗುಂದದ ಸೀಮೆಯಲ್ಲಿ, ಮೊರಬದಂತಹ ಎರೆನೆಲದ ಊರಿನಲ್ಲಿ, ಹೊಲಗಳೇ ವಿಶಾಲ, ಮರಗಳು ವಿರಳ. ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹೊನ್ನಕ್ಕಿಯು ಕೊಂಬೆಯನ್ನು ಬಿಟ್ಟು ನೆಲಕ್ಕಿಳಿಯುವುದು ಅಪರೂಪ. ಆದುದರಿಂದ ತಟ್ಟೆಯಲ್ಲಿ ಬಾಳೆಹಣ್ಣಿಡುವುದಕ್ಕೆ ಮೊದಲು ನಾವು ದಾರಿಯ ಆಲವನ್ನು ಕೊಡಲಿಯಿಂದ ಉಳಿಸೋಣ. ತಟ್ಟೆಯು ಒಂದು ದಿನದ ಔತಣ. ಆಲವು ತಲೆಮಾರುಗಳ ಅನ್ನಸತ್ರ.