ಆರೋಗ್ಯ ವೃತ್ತಿಗಳ ವಿದ್ಯಾರ್ಥಿಗಳಿಗೆ ಅಂತರ-ವೃತ್ತಿ ಶಿಕ್ಷಣ

ಪೀಠಿಕೆ

ಆಸ್ಪತ್ರೆಗೆ ದಾಖಲಾದ ರೋಗಿಯ ಆರೈಕೆಯಲ್ಲಿ ವೈದ್ಯರು, ಶುಶ್ರೂಷಕರು, ಫಾರ್ಮಸಿಸ್ಟರು, ಫಿಸಿಯೋಥೆರಪಿಸ್ಟರು ಹಾಗೂ ಪ್ರಯೋಗಾಲಯ ತಂತ್ರಜ್ಞರು ಪಾಲ್ಗೊಳ್ಳುತ್ತಾರೆ. ಆದರೆ ಇವರ ವ್ಯಾಸಂಗವು ಬಹುಮಟ್ಟಿಗೆ ಪ್ರತ್ಯೇಕವಾಗಿಯೇ ನಡೆಯುತ್ತದೆ. ಒಬ್ಬರಿಗೆ ತಿಳಿದ ಸಂಗತಿ ಮತ್ತೊಬ್ಬರಿಗೆ ತಲುಪದಿದ್ದಲ್ಲಿ ಅದರ ಹಾನಿಯನ್ನು ರೋಗಿಯೇ ಅನುಭವಿಸಬೇಕಾಗುತ್ತದೆ.

ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಕಾರ್ಯಚೌಕಟ್ಟಿನ ಪ್ರಕಾರ, ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಪರಸ್ಪರರ ಬಗ್ಗೆ, ಪರಸ್ಪರರಿಂದ ಮತ್ತು ಪರಸ್ಪರರೊಡನೆ ಕಲಿಯುವುದೇ ಅಂತರ-ವೃತ್ತಿ ಶಿಕ್ಷಣ. ಒಂದೇ ಸಭಾಂಗಣದಲ್ಲಿ ಕುಳಿತು ಉಪನ್ಯಾಸ ಕೇಳಿದ ಮಾತ್ರಕ್ಕೆ ಅದು ಅಂತರ-ವೃತ್ತಿ ಶಿಕ್ಷಣ ಎನಿಸುವುದಿಲ್ಲ.

ಹಿನ್ನೆಲೆ

ಸ್ವೀಡನ್ನಿನ ಲಿನ್‌ಚೋಪಿಂಗ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ವಿವಿಧ ಆರೋಗ್ಯ ವೃತ್ತಿಗಳ ವಿದ್ಯಾರ್ಥಿಗಳಿಗೆ ಸಾಮಾನ್ಯ ಪಠ್ಯಭಾಗವನ್ನು ಅಳವಡಿಸಲಾಯಿತು. 1996ರಲ್ಲಿ ಅಲ್ಲಿ ತರಬೇತಿ ವಾರ್ಡ್ ಆರಂಭವಾಯಿತು. ಇದರಲ್ಲಿ ವಿದ್ಯಾರ್ಥಿಗಳ ತಂಡವು ಮೇಲ್ವಿಚಾರಕರ ನಿಗಾದಲ್ಲಿ ರೋಗಿಗಳ ಆರೈಕೆಯನ್ನು ನಿರ್ವಹಿಸುತ್ತದೆ.

ಬೋಧನಾ ವಿಧಾನ

ಪಾರ್ಶ್ವವಾಯು ಪೀಡಿತ ವೃದ್ಧರೊಬ್ಬರ ಪ್ರಕರಣವನ್ನು ತಂಡಕ್ಕೆ ನೀಡಲಾಗುತ್ತದೆ ಎಂದಿಟ್ಟುಕೊಳ್ಳಬಹುದು. ವೈದ್ಯಕೀಯ ವಿದ್ಯಾರ್ಥಿಯು ರೋಗನಿರ್ಣಯವನ್ನು, ನರ್ಸಿಂಗ್ ವಿದ್ಯಾರ್ಥಿಯು ನುಂಗುವ ತೊಂದರೆ ಹಾಗೂ ಹಾಸಿಗೆ ಹುಣ್ಣಿನ ಅಪಾಯವನ್ನು, ಫಾರ್ಮಸಿ ವಿದ್ಯಾರ್ಥಿಯು ಔಷಧಗಳ ಪರಸ್ಪರ ಪರಿಣಾಮವನ್ನು, ಫಿಸಿಯೋಥೆರಪಿ ವಿದ್ಯಾರ್ಥಿಯು ಚಲನೆಯನ್ನು ಪರಿಶೀಲಿಸುತ್ತಾರೆ. ಅನಂತರ ಎಲ್ಲರೂ ಚರ್ಚಿಸಿ ಒಂದೇ ಆರೈಕೆ ಯೋಜನೆಯನ್ನು ಸಿದ್ಧಪಡಿಸತಕ್ಕದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ತಪಶೀಲು ಪಟ್ಟಿಯೂ (2008) ಅಭ್ಯಾಸಕ್ಕೆ ಉಪಯುಕ್ತ. ಅರಿವಳಿಕೆಗೆ ಮುನ್ನ, ಛೇದನಕ್ಕೆ ಮುನ್ನ ಮತ್ತು ರೋಗಿಯು ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರಹೋಗುವ ಮುನ್ನ ಇದನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಲಾಗುತ್ತದೆ. ಲೋಪ ಕಂಡ ಕಿರಿಯರು ಹಿರಿಯರೆದುರು ಮಾತನಾಡಲು ಹಿಂಜರಿದಲ್ಲಿ ಪಟ್ಟಿಯು ಕೇವಲ ಕಾಗದವಾಗಿ ಉಳಿಯುತ್ತದೆ. ಆದುದರಿಂದ ಈ ಧೈರ್ಯವನ್ನೂ, ಕೇಳಿಸಿಕೊಳ್ಳುವ ಸಂಯಮವನ್ನೂ ವಿದ್ಯಾರ್ಥಿ ದೆಸೆಯಲ್ಲಿಯೇ ರೂಢಿಸುವುದು ಅವಶ್ಯ.

ಭಾರತದಲ್ಲಿ

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂ.ಬಿ.ಬಿ.ಎಸ್. ಪಠ್ಯಕ್ರಮವು ವೈದ್ಯ ಪದವೀಧರರನ್ನು ಆರೋಗ್ಯ ತಂಡದ ನಾಯಕ ಮಾತ್ರವಲ್ಲದೆ ಸದಸ್ಯನೆಂದೂ ಗುರುತಿಸಿತು. ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ ಮುಂತಾದ ವೃತ್ತಿಗಳ ಶಿಕ್ಷಣಕ್ಕಾಗಿ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯಿದೆ ರೂಪುಗೊಂಡಿತು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ ಮತ್ತು ಫಿಸಿಯೋಥೆರಪಿ ಕೋರ್ಸುಗಳಿವೆ. ಆದರೆ ಒಂದೇ ವಿಶ್ವವಿದ್ಯಾಲಯದ ಸಂಯೋಜನೆಯಿಂದ ಜಂಟಿ ಕಲಿಕೆಯು ತಾನಾಗಿಯೇ ದೊರೆಯುವುದಿಲ್ಲ.

ಅರ್ಜಿದಾರರು ಕಾಲೇಜಿನಲ್ಲಿ ವಿಚಾರಿಸಬಹುದಾದ ಅಂಶಗಳು

1. ಇತರ ವೃತ್ತಿಗಳ ವಿದ್ಯಾರ್ಥಿಗಳೊಡನೆ ಜಂಟಿ ಪ್ರಕರಣ ಚರ್ಚೆ ಇದೆಯೇ?
2. ವಾರ್ಡ್ ತರಬೇತಿಯಲ್ಲಿ ಮಿಶ್ರ ತಂಡಗಳನ್ನು ರಚಿಸಲಾಗುತ್ತದೆಯೇ?
3. ತಂಡವಾಗಿ ಮಾಡಿದ ಕಾರ್ಯವನ್ನು ಮೌಲ್ಯಮಾಪನದಲ್ಲಿ ಪರಿಗಣಿಸಲಾಗುತ್ತದೆಯೇ?