ಬೆನ್ನಿನಿಂದ ಪಕ್ಕೆಗೆ ಬಂದ ಉಸಿರು

ಧಾರಾವಿಯ ಒಳಗಲ್ಲಿಗಳಲ್ಲಿ ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಬೆನ್ನ ಮೇಲೆ ಮೂಟೆಯಿದ್ದರೆ ಅದನ್ನು ಇಳಿಸಿ ಪಕ್ಕಕ್ಕೆ ಹಿಡಿಯಬೇಕು. ಇಂಗ್ಲೆಂಡಿನ ಗುಹೆ ಶೋಧಕರು 1960ರ ದಶಕದಲ್ಲಿ ಉಸಿರಾಟದ ಸಿಲಿಂಡರನ್ನು ಬೆನ್ನಿನಿಂದ ಸೊಂಟದ ಪಕ್ಕಕ್ಕೆ ತಂದದ್ದೂ ಇಂಥದೇ ಕಾರಣಕ್ಕೆ. ಇಂದು ಇದನ್ನು ಸೈಡ್‌ಮೌಂಟ್ ಎನ್ನುತ್ತಾರೆ.

ನೀರು ತುಂಬಿದ ಗುಹೆಗೆ ಇಳಿಯುವ ಪ್ರಯತ್ನ ಅದಕ್ಕೂ ಹಳೆಯದು. 1935ರಲ್ಲಿ ಇಂಗ್ಲೆಂಡಿನ ವೂಕಿ ಹೋಲ್ ಗುಹೆಗೆ ಗ್ರಹಾಂ ಬಾಲ್ಕೂಂಬ್ ಮತ್ತು ಜ್ಯಾಕ್ ಶೆಪರ್ಡ್ ಇಳಿದಾಗ ಅವರ ಮೈಮೇಲಿದ್ದದ್ದು ಬಂದರು ಕೆಲಸಗಾರರ ಭಾರದ ಮುಳುಗು ಉಡುಪು. ಗಾಳಿ ಹೊರಗಿನ ಪಂಪಿನಿಂದ ಕೊಳವೆಯಲ್ಲಿ ಬರುತ್ತಿತ್ತು. ಕೊಳವೆಯ ಉದ್ದ ಮುಗಿದಲ್ಲಿ ಶೋಧವೂ ಮುಗಿಯಿತು. 1946ರಲ್ಲಿ ಬಾಲ್ಕೂಂಬ್ ಕೇವ್ ಡೈವಿಂಗ್ ಗ್ರೂಪ್ ಕಟ್ಟಿದರು. ಮುಂದೆ ಗಾಳಿಯನ್ನು ಜೊತೆಗೇ ಒಯ್ಯುವ ಸಿಲಿಂಡರುಗಳು ಬಂದವು. ಆದರೆ ಆ ದೇಶದ ಗುಹೆಗಳಲ್ಲಿ ಬಹುಪಾಲು ದಾರಿ ತೆವಳುವುದೇ, ನಡುವೆ ಅಷ್ಟಿಷ್ಟು ಮುಳುಗುವುದು. ಬೆನ್ನಿನ ಸಿಲಿಂಡರ್ ಬಂಡೆಗೆ ಸಿಕ್ಕಿಕೊಳ್ಳುತ್ತಿತ್ತು. ಪಕ್ಕಕ್ಕೆ ಕಟ್ಟಿಕೊಂಡರೆ ನುಸುಳಬಹುದಾಗಿತ್ತು.

ಫ್ಲೋರಿಡಾದ ಮುಳುಗುಗಾರರು ಈ ಉಪಾಯವನ್ನು ತಿದ್ದಿದರು. ಅಲ್ಲಿನ ಗುಹೆಗಳಲ್ಲಿ ಗಂಟೆಗಟ್ಟಲೆ ಈಜಬೇಕು. ಸೊಂಟದಲ್ಲಿ ತೂಗುವ ಸಿಲಿಂಡರ್ ಅದಕ್ಕೆ ಅಡ್ಡಿ. ಅವರು ಅದನ್ನು ಕಂಕುಳಿನವರೆಗೆ ಏರಿಸಿ ಮೈಗೆ ಸಮಾನಾಂತರವಾಗಿ ಕೂರಿಸಿದರು. 1990ರ ದಶಕದಲ್ಲಿ ಡೈವ್ ರೈಟ್ ಕಂಪನಿ ಇದಕ್ಕೆಂದೇ ಪಟ್ಟಿಗಳನ್ನು ತಯಾರಿಸಿ ಮಾರತೊಡಗಿತು.

ಸೈಡ್‌ಮೌಂಟ್ ಕಲಿಯುವವರು ಮೊದಲು ಕಲಿಯಬೇಕಾದದ್ದು ಒಂದು ಲೆಕ್ಕ. ಎರಡು ಸಿಲಿಂಡರುಗಳಿಗೂ ಬೇರೆ ಬೇರೆ ರೆಗ್ಯುಲೇಟರ್, ಬೇರೆ ಬೇರೆ ಒತ್ತಡದ ಮಾಪಕ. ಒಂದೊಂದರಲ್ಲಿ 200 ಬಾರ್ ಒತ್ತಡದ ಗಾಳಿ ಇದೆ ಎನ್ನಿ. ಮೂರನೇ ಒಂದು ಪಾಲು ಒಳಹೋಗಲು, ಒಂದು ಪಾಲು ಮರಳಲು, ಇನ್ನೊಂದು ಪಾಲು ಆಪತ್ತಿಗೆ. ಅಂದರೆ ಎರಡರಲ್ಲೂ ಸುಮಾರು 133 ಬಾರ್ ಉಳಿದಾಗ ತಿರುಗಲೇಬೇಕು. ಅದೇ ಹೊತ್ತಿಗೆ ಒಂದು ಸಿಲಿಂಡರ್ ಪೂರ್ತಿ ಕೈಕೊಟ್ಟರೂ ಇನ್ನೊಂದರ 133 ಬಾರ್ ಗಾಳಿ ಹೊರಬರಲು ಸರಿಯಾಗಿ ಸಾಕು. ಆದ್ದರಿಂದಲೇ ಒಂದರಿಂದ ಸ್ವಲ್ಪ, ಇನ್ನೊಂದರಿಂದ ಸ್ವಲ್ಪ ಉಸಿರಾಡುತ್ತಾ ಎರಡನ್ನೂ ಸಮವಾಗಿ ಇಟ್ಟುಕೊಳ್ಳಬೇಕು. ಹೆಚ್ಚಿನ ಸಿಲಿಂಡರುಗಳನ್ನು ಒಯ್ದು ದಾರಿಯಲ್ಲಿ ಹಗ್ಗಕ್ಕೆ ಕಟ್ಟಿ ಬಿಟ್ಟುಹೋಗುವಾಗಲೂ ಈ ಲೆಕ್ಕ ತಪ್ಪಬಾರದು. ಅಮೆರಿಕದ ಶೆಕ್ ಎಕ್ಸ್‌ಲಿ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮೂರು ಪಾಲಿನ ನಿಯಮವಿದೆ. ಹೊರಗಿನವರೆಗೆ ಕಡಿಯದ ಹಗ್ಗವಿರಬೇಕು ಎಂಬುದೂ ಇದೆ. ಇವು ಸಾವುಗಳಿಂದ ಕಲಿತ ಪಾಠಗಳು.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರೂ ಅವರ ಕೋಚ್ ಕೂಡ ಸಿಕ್ಕಿಬಿದ್ದಾಗ ಈ ವಿದ್ಯೆ ಜಗತ್ತಿನ ಕಣ್ಣಿಗೆ ಬಿತ್ತು. ಜುಲೈ 2ರಂದು ಅವರನ್ನು ಕಂಡುಹಿಡಿದದ್ದು ಬ್ರಿಟನ್ನಿನ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥನ್. ಗುಹೆಯ ನೀರು ಇಳಿಸುವ ಪಂಪುಗಳ ಬಗ್ಗೆ ಸಲಹೆ ನೀಡಲು ಭಾರತದಿಂದ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ಪರಿಣತರೂ ಹೋಗಿದ್ದರು. ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ತೆರೆದ ಸೈಕಲ್ ಅಂಗಡಿಯಿಂದ ಬೆಳೆದ ಸಂಸ್ಥೆ ಅದು. ಜುಲೈ 6ರಂದು, ಒಳಗೆ ಸಿಲಿಂಡರುಗಳನ್ನು ಇಟ್ಟು ಮರಳುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಗುನಾನ್ ತೀರಿಕೊಂಡರು. ಜುಲೈ 10ರ ಹೊತ್ತಿಗೆ ಹದಿಮೂರೂ ಮಂದಿ ಹೊರಬಂದರು.

ಧಾರಾವಿಯಲ್ಲಿ ಇಂಥ ಗುಹೆಗಳಿಲ್ಲ. ಒಂದು ಕಾಲಕ್ಕೆ ಕೋಳಿ ಮೀನುಗಾರರ ಊರಾಗಿದ್ದ, ಜೌಗಿನ ಮೇಲೆ ಬೆಳೆದ ಈ ಬಡಾವಣೆಯ ಅಂಚಿನಲ್ಲಿ ಮೀಠೀ ನದಿ ಹರಿಯುತ್ತದೆ. ಆದರೆ ಇಡೀ ಮುಂಬೈಯಂತೆ ಇಲ್ಲಿಯೂ ನೆಲದಡಿ ಚರಂಡಿಗಳಿವೆ, ಅವಕ್ಕೆ ಮ್ಯಾನ್‌ಹೋಲುಗಳಿವೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ. ಒಬ್ಬರು ಕುಸಿದರೆ ಎತ್ತಲು ಇಳಿದವರೂ ಕುಸಿಯುತ್ತಾರೆ. ಅಲ್ಲಿ ಬೇಕಾದದ್ದೂ ಗುಹೆಗೆ ಬೇಕಾದದ್ದೇ: ಹೊರಗಿನಿಂದ ಬರುವ ಅಥವಾ ಜೊತೆಗೆ ಒಯ್ಯುವ ಗಾಳಿ, ಸೊಂಟಕ್ಕೆ ಹಗ್ಗ, ಮೇಲೆ ಕಾವಲು.

ಇದನ್ನು ಕಾನೂನೂ ಹೇಳುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅದರ ನಿಯಮಗಳ ಸಾಧನಪಟ್ಟಿಯಲ್ಲಿ ಉಸಿರಾಟದ ಉಪಕರಣವೂ ಇದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಒಂಬತ್ತು ವರ್ಷಗಳ ಬಳಿಕವೂ ಪರಿಹಾರದ ಮೊತ್ತವನ್ನೇ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ.

ಹವ್ಯಾಸಕ್ಕೆ ಗುಹೆಗೆ ಇಳಿಯುವವರಿಗೆ ಎರಡನೆಯ ಸಿಲಿಂಡರ್ ಇಲ್ಲದೆ ತರಬೇತುದಾರರು ನೀರು ಮುಟ್ಟಲು ಬಿಡುವುದಿಲ್ಲ. ಹೊಟ್ಟೆಪಾಡಿಗೆ ಚರಂಡಿಗೆ ಇಳಿಯುವವರಿಗೆ ಎಷ್ಟೋ ಸಲ ಮೊದಲನೆಯದೇ ಸಿಗುವುದಿಲ್ಲ. ಉಪಕರಣ ಹೊಸದಲ್ಲ, ಲೆಕ್ಕವೂ ಗೊತ್ತಿರದ್ದಲ್ಲ. ಯಾರ ಉಸಿರಿಗಾಗಿ ಆ ಲೆಕ್ಕ ಹಾಕುತ್ತೇವೆ ಎಂಬುದಷ್ಟೇ ಇನ್ನೂ ತೀರ್ಮಾನವಾಗಬೇಕಿದೆ.